ಒಂದೇ ಮನೆ, ಏಳು ಬಾಗಿಲು: ಡೇಟನ್ ಸೀಮೆಯಲ್ಲಿ ಯಾರನ್ನು ಕೇಳಬೇಕು?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ಅಮೆರಿಕದ ಒಹಾಯೊ ರಾಜ್ಯದಲ್ಲಿ, ಡೇಟನ್ ನಗರದ ಪಕ್ಕದ ಬೀವರ್‌ಕ್ರೀಕ್‌ನಲ್ಲಿ ಕಳೆದ ವರ್ಷ ಮನೆ ಕೊಂಡೆವು. ನನ್ನ ಕೆಲಸ ಡೇಟನ್ ನಗರದೊಳಗಿನ ಒಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದಲ್ಲಿ. ಸಂಬಳದಲ್ಲಿ ಡೇಟನ್ ನಗರಕ್ಕೆಂದು ಶೇ 2.5ರಷ್ಟು ಮುರಿದುಕೊಳ್ಳುತ್ತಾರೆ. ಅಲ್ಲಿ ನಮಗೆ ಮನೆಯೂ ಇಲ್ಲ, ಮತವೂ ಇಲ್ಲ. ಇಲ್ಲಿ ಮನೆಯ ತೆರಿಗೆ ಬೇರೆ ಕಟ್ಟುತ್ತೇವೆ. ಮೊನ್ನೆ ರಸ್ತೆ ಬದಿಯಲ್ಲಿ ಕೊಳವೆ ಒಡೆದು ನೀರು ಹರಿಯುತ್ತಿತ್ತು. ಮೇಯರ್‌ಗೆ ಪತ್ರ ಬರೆದರೆ ‘ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಸೌಜನ್ಯದ ಉತ್ತರ ಬಂತು. ಊರಿನಿಂದ ಅಪ್ಪ, ಅಮ್ಮ ಬಂದಿದ್ದಾರೆ, ಅವರಿಗೆ ಕಾರು ಓಡಿಸಲು ಬರುವುದಿಲ್ಲ. ಬಸ್ಸಿನ ಬಗ್ಗೆ ಕೇಳಿದರೂ ಅದೇ ಉತ್ತರ. ಇಲ್ಲಿ ಯಜಮಾನ ಯಾರು? ಗ್ರೀನ್ ಕಾರ್ಡ್ ಕೂಡ ಇಲ್ಲದ ನಮ್ಮಂಥವರ ಮಾತನ್ನು ಯಾರಾದರೂ ಕೇಳುತ್ತಾರೆಯೇ?

ಉತ್ತರ: ಮೊದಲು ನಿಮ್ಮ ಮನೆಯ ಲೆಕ್ಕ ನೋಡೋಣ. ನಿಮ್ಮ ಬೀದಿಯ ರಸ್ತೆ ಮತ್ತು ಪೊಲೀಸರು ಬೀವರ್‌ಕ್ರೀಕ್ ನಗರದವರು. ನೀರು ಮತ್ತು ಒಳಚರಂಡಿ ಗ್ರೀನ್ ಕೌಂಟಿಯದು, ಅಂದರೆ ನಮ್ಮ ಕಡೆಯ ಜಿಲ್ಲಾಡಳಿತವನ್ನು ಹೋಲುವ ಆಡಳಿತದ್ದು. ಬೆಂಕಿ ಬಿದ್ದರೆ ಬರುವ ಗಾಡಿ ನಗರದ್ದಲ್ಲ, ಬೀವರ್‌ಕ್ರೀಕ್ ಟೌನ್‌ಶಿಪ್‌ನದು, ಅಂದರೆ ಕೌಂಟಿಯೊಳಗಿನ ಇನ್ನೊಂದು ಸಣ್ಣ ಸ್ಥಳೀಯ ಆಡಳಿತದ್ದು. 1980ರಲ್ಲಿ ಟೌನ್‌ಶಿಪ್‌ನ ದೊಡ್ಡ ಭಾಗ ಬೇರೆಯಾಗಿ ನಗರವಾಯಿತು, ಅಗ್ನಿಶಾಮಕ ದಳ ಮಾತ್ರ ಹಳೆಯ ಮನೆಯಲ್ಲೇ ಉಳಿಯಿತು. ಶಾಲೆಗಳಿಗೆ ಅವುಗಳದ್ದೇ ಆಡಳಿತ ಮಂಡಳಿ ಇದೆ, ಅದರ ಐವರು ಸದಸ್ಯರನ್ನು ಜನರೇ ಆರಿಸುತ್ತಾರೆ. ಗ್ರಂಥಾಲಯದ್ದು ಇನ್ನೊಂದು ಮಂಡಳಿ. ಮನೆಗೆ ಬೆಲೆ ಕಟ್ಟುವವರು ಚುನಾವಣೆಯಲ್ಲಿ ಗೆದ್ದು ಬರುವ ಕೌಂಟಿ ಆಡಿಟರ್. ಬಸ್ಸು ಒಂದೋ ಗ್ರೀನ್ ಕೌಂಟಿಯದು, ಇಲ್ಲವೇ ಪಕ್ಕದ ಮಾಂಟ್‌ಗೊಮೆರಿ ಕೌಂಟಿಯಿಂದ ಗಡಿ ದಾಟಿ ಬರುವ ಡೇಟನ್ ಸಾರಿಗೆ ಪ್ರಾಧಿಕಾರದ್ದು. ಏಳು ಬಾಗಿಲುಗಳಾದವು. ನೀವು ತಟ್ಟಿದ್ದು ಅವುಗಳಲ್ಲಿ ಒಂದನ್ನು ಮಾತ್ರ.

ಬೆಂಗಳೂರಿನಲ್ಲಿ ಬದುಕಿದವರಿಗೆ ಇದು ಪೂರ್ತಿ ಹೊಸದಲ್ಲ. ಅಲ್ಲಿಯೂ ನೀರಿಗೆ ಜಲಮಂಡಳಿ, ಕರೆಂಟಿಗೆ ಬೆಸ್ಕಾಂ, ಬಸ್ಸಿಗೆ ಬಿಎಂಟಿಸಿ ಎಂದು ಓಡಾಡುತ್ತೇವೆ. ಆದರೆ ಆ ಮೂರೂ ದಾರಿಗಳು ಕೊನೆಗೆ ವಿಧಾನಸೌಧಕ್ಕೇ ಹೋಗುತ್ತವೆ. ಒಬ್ಬ ಸಚಿವರು ಗದರಿಸಿದರೆ ಮೂರೂ ಕಡೆ ಕಡತ ಅಲುಗಾಡುತ್ತದೆ. ಇಲ್ಲಿ ಹಾಗಿಲ್ಲ. ನಿಮ್ಮ ಟೌನ್‌ಶಿಪ್‌ಗೆ, ಶಾಲಾ ಮಂಡಳಿಗೆ, ಕೌಂಟಿಗೆ ಬೇರೆ ಬೇರೆ ಬೇರುಗಳಿವೆ. ಪ್ರತಿಯೊಂದಕ್ಕೂ ತನ್ನದೇ ತೆರಿಗೆ, ತನ್ನದೇ ಆಡಳಿತ ಮಂಡಳಿ. ಇಡೀ ಅಮೆರಿಕದಲ್ಲಿ ಇಂಥ ಸ್ಥಳೀಯ ಸರಕಾರಗಳು ಸುಮಾರು 90,000 ಇವೆ. ಒಹಾಯೊ ಒಂದರಲ್ಲೇ 88 ಕೌಂಟಿಗಳು, ಸುಮಾರು 1,300 ಟೌನ್‌ಶಿಪ್‌ಗಳು. ಮೇಯರ್ ನಿಮ್ಮನ್ನು ಸಾಗಹಾಕಿದರು ಎಂದುಕೊಳ್ಳಬೇಡಿ. ಕೌಂಟಿಯ ನೀರಿನ ಕೊಳವೆಗೆ ಕೈಹಾಕುವ ಅಧಿಕಾರ ಅವರಿಗೆ ನಿಜಕ್ಕೂ ಇಲ್ಲ.

ಒಹಾಯೊದ ಒಂದು ಊರಿನ ನೀರು ಸರಬರಾಜು ವಿಭಾಗದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಎಂಜಿನಿಯರ್ ಆಗಿದ್ದವನು ನಾನು. ಒಂದು ಜನವರಿಯ ರಾತ್ರಿ ಎರಡು ಆಡಳಿತಗಳ ಗಡಿಯಲ್ಲಿ ಕೊಳವೆ ಒಡೆಯಿತು. ಗಡಿ ಎಲ್ಲಿದೆ ಎಂದು ತಿಳಿಯಲು ನಕ್ಷೆ ಬೇಕಿರಲಿಲ್ಲ. ರಸ್ತೆಯ ಡಾಂಬರು ಅಲ್ಲಿ ಬಣ್ಣ ಬದಲಿಸುತ್ತಿತ್ತು, ನಮ್ಮ ಹಿಮ ತೆಗೆಯುವ ಲಾರಿ ಅಲಗು ಎತ್ತಿ ಹಿಂದಿರುಗಿದ ಗುರುತೂ ಅಲ್ಲೇ ಇತ್ತು. ನಮ್ಮ ಗಾಡಿಯೂ ಪಕ್ಕದವರ ಗಾಡಿಯೂ ದೀಪ ಹಾಕಿಕೊಂಡು ಎದುರುಬದುರು ನಿಂತಿದ್ದವು. ಕೋಟು ಹೊದ್ದು ಮನೆಯಿಂದ ಹೊರಬಂದ ಅಜ್ಜಿಯೊಬ್ಬರು ಎರಡೂ ಗಾಡಿಗಳನ್ನು ನೋಡಿ, ‘ನಿಮ್ಮಲ್ಲಿ ನನ್ನವರು ಯಾರು?’ ಎಂದು ಕೇಳಿದರು. ನಿಮ್ಮ ಪತ್ರ ಓದಿದಾಗ ಅವರ ಮುಖ ಕಣ್ಣ ಮುಂದೆ ಬಂತು. ಆ ಪ್ರಶ್ನೆಗೆ ಉತ್ತರ ಕೊಡುವುದು ನಮ್ಮಂಥವರ ಹೊಣೆ. ಕೊರೆಯುವ ಚಳಿಯಲ್ಲಿ ನಿಂತ ಹೆಂಗಸು ಅದನ್ನು ಕೇಳಬೇಕಾಗಿ ಬಂದದ್ದೇ ತಪ್ಪು ಎಂದು ನನಗೆ ಇಂದಿಗೂ ಅನಿಸುತ್ತದೆ.

ಇಷ್ಟೊಂದು ಬಾಗಿಲುಗಳು ಏಕೆ ಬಂದವು ಎಂದರೆ, ಒಂದೊಂದೂ ಒಂದೊಂದು ಕಷ್ಟದ ಕಾಲದಲ್ಲಿ ಹುಟ್ಟಿದ್ದು. ಡೇಟನ್‌ನ ಕಥೆಯನ್ನೇ ತೆಗೆದುಕೊಳ್ಳಿ. 1913ರ ಮಾರ್ಚ್ ಕೊನೆಯಲ್ಲಿ ಗ್ರೇಟ್ ಮಯಾಮಿ ನದಿ ದಂಡೆ ಒಡೆದು ಪೇಟೆಯೊಳಗೆ ನುಗ್ಗಿತು. ಜನ ಅಟ್ಟ ಹತ್ತಿ, ಮಾಡು ಹತ್ತಿ ಕುಳಿತರು. ಮಯಾಮಿ ಕಣಿವೆಯಲ್ಲಿ 360ಕ್ಕೂ ಹೆಚ್ಚು ಮಂದಿ ಸತ್ತರು. ನಗದು ಯಂತ್ರದ ಕಾರ್ಖಾನೆಯ ಒಡೆಯ ಜಾನ್ ಪ್ಯಾಟರ್‌ಸನ್ ತಮ್ಮ ಕಾರ್ಖಾನೆಯ ಬಡಗಿಗಳಿಂದ ದೋಣಿಗಳನ್ನು ಮಾಡಿಸಿ ಜನರನ್ನು ಕಾಪಾಡಿದರು. ಪಕ್ಷದ ಹಿಡಿತದಲ್ಲಿದ್ದ ಹಳೆಯ ನಗರಾಡಳಿತದಿಂದ ಇನ್ನು ಊರು ನಡೆಯದು ಎಂಬ ಮಾತು ಗಟ್ಟಿಯಾಯಿತು. ಹಿಂದಿನ ವರ್ಷವಷ್ಟೇ, 1912ರಲ್ಲಿ, ಒಹಾಯೊ ಸಂವಿಧಾನಕ್ಕೆ ತಿದ್ದುಪಡಿಯಾಗಿ ನಗರಗಳು ತಮ್ಮ ಸನ್ನದನ್ನು, ಅಂದರೆ ಆಡಳಿತದ ಮೂಲ ನಿಯಮಗಳನ್ನು, ತಾವೇ ಬರೆದುಕೊಳ್ಳುವ ಹಕ್ಕು ಬಂದಿತ್ತು. ಆ ಹಕ್ಕನ್ನು ಹಿಡಿದು ಡೇಟನ್ 1914ರ ಜನವರಿಯಿಂದ ಹೊಸ ಪದ್ಧತಿಗೆ ಬಂತು. ಜನ ಐವರನ್ನು ಆರಿಸುತ್ತಾರೆ, ಆ ಐವರು ಆಡಳಿತ ಬಲ್ಲ ಒಬ್ಬರನ್ನು ಸಿಟಿ ಮ್ಯಾನೇಜರ್ ಆಗಿ ನೇಮಿಸುತ್ತಾರೆ. ಮೊದಲ ಮ್ಯಾನೇಜರ್ ಹೆನ್ರಿ ವೇಟ್ ಎಂಬ ಎಂಜಿನಿಯರ್. ಅಮೆರಿಕದ ದೊಡ್ಡ ನಗರಗಳಲ್ಲಿ ಈ ಪದ್ಧತಿಗೆ ಬಂದ ಮೊದಲನೆಯದು ಡೇಟನ್. ನಿಮ್ಮ ಬೀವರ್‌ಕ್ರೀಕ್‌ನಲ್ಲೂ ಇರುವುದು ಇದೇ ಪದ್ಧತಿ, ಏಳು ಜನರ ಸಭೆ ಮತ್ತು ಒಬ್ಬ ಮ್ಯಾನೇಜರ್.

ಇದನ್ನು ನಮ್ಮ ಮಹಾನಗರ ಪಾಲಿಕೆಯ ಆಯುಕ್ತರ ಹುದ್ದೆಗೆ ಹೋಲಿಸಬೇಡಿ. ಆಯುಕ್ತರನ್ನು ರಾಜ್ಯ ಸರಕಾರ ಕಳುಹಿಸುತ್ತದೆ, ವರ್ಗ ಮಾಡುತ್ತದೆ. ಇಲ್ಲಿಯ ಮ್ಯಾನೇಜರ್‌ಗೆ ಸಂಬಳ ಕೊಡುವವರೂ ಬೇಡವೆಂದರೆ ತೆಗೆಯುವವರೂ ಊರಿನ ಸಭೆಯವರೇ. ಮೇಯರ್ ಆ ಸಭೆಯ ಮುಂದಾಳು. ಡೇಟನ್‌ನಲ್ಲಿ ಮೇಯರ್‌ಗೆ ಐದರಲ್ಲಿ ಒಂದು ಮತ. ಆದ್ದರಿಂದ ರಸ್ತೆ ಗುಂಡಿಗೆ ಮೇಯರ್‌ಗೆ ಬರೆಯುವುದಕ್ಕಿಂತ ಮ್ಯಾನೇಜರ್ ಕೈಕೆಳಗಿನ ಲೋಕೋಪಯೋಗಿ ವಿಭಾಗಕ್ಕೆ ಬರೆದರೆ ಬೇಗ ಕೆಲಸವಾಗುತ್ತದೆ. ನೀತಿ ಬದಲಾಗಬೇಕಿದ್ದರೆ ಮಾತ್ರ ಸಭೆಯ ಮುಂದೆ ಹೋಗಿ.

ನದಿಯ ಸಮಸ್ಯೆ ಒಂದು ನಗರದ ಕೈಗೆ ಮೀರಿದ್ದಾಗಿತ್ತು. ನೀರಿಗೆ ಕೌಂಟಿಯ ಗಡಿ ತಿಳಿಯುವುದಿಲ್ಲ. ಅದಕ್ಕಾಗಿ 1914ರಲ್ಲಿ ಕಾಯಿದೆ ಮಾಡಿ, 1915ರಲ್ಲಿ ಮಯಾಮಿ ಕನ್ಸರ್ವೆನ್ಸಿ ಡಿಸ್ಟ್ರಿಕ್ಟ್ ಎಂಬ ಪ್ರತ್ಯೇಕ ಸಂಸ್ಥೆ ಕಟ್ಟಿದರು. ಆರ್ಥರ್ ಮಾರ್ಗನ್ ಅದರ ಮುಖ್ಯ ಎಂಜಿನಿಯರ್. 1922ರ ಹೊತ್ತಿಗೆ ಐದು ಒಣ ಅಣೆಕಟ್ಟುಗಳು ಎದ್ದವು. ನಮ್ಮ ಊರುಗಳ ಅಣೆಕಟ್ಟು ನೀರು ನಿಲ್ಲಿಸಲು ಇರುವುದು. ಇವು ಹಾಗಲ್ಲ. ಸಾಮಾನ್ಯ ದಿನಗಳಲ್ಲಿ ನದಿ ಅಣೆಕಟ್ಟಿನ ಬುಡದ ಕಿಂಡಿಗಳಲ್ಲಿ ತನ್ನ ಪಾಡಿಗೆ ಹರಿದು ಹೋಗುತ್ತದೆ, ಹಿಂದಿನ ಜಾಗದಲ್ಲಿ ಹೊಲ, ಕಾಡು, ಉದ್ಯಾನ. ಪ್ರವಾಹ ಬಂದಾಗ ಕಿಂಡಿಯಲ್ಲಿ ಹಿಡಿಸಿದಷ್ಟು ಮಾತ್ರ ಮುಂದೆ ಹೋಗಿ, ಉಳಿದದ್ದು ಹಿಂದೆ ಕಾಯುತ್ತದೆ. ತೆಗೆಯಲು, ಮುಚ್ಚಲು ಗೇಟುಗಳಿಲ್ಲ, ನಡುರಾತ್ರಿ ಎದ್ದು ತೀರ್ಮಾನ ತೆಗೆದುಕೊಳ್ಳಬೇಕಾದ ಮನುಷ್ಯನೂ ಬೇಕಿಲ್ಲ. 1913ರ ನೀರಿಗಿಂತ ಶೇ 40ರಷ್ಟು ಹೆಚ್ಚು ಬಂದರೂ ತಡೆಯುವಂತೆ ಲೆಕ್ಕ ಹಾಕಿದ್ದರು. ನೀರಿನ ಕೆಲಸದಲ್ಲಿ ಇಷ್ಟು ವರ್ಷ ಕಳೆದ ನಾನು ಇಂದಿಗೂ ಆ ವಿನ್ಯಾಸದ ಮುಂದೆ ಕೈಮುಗಿಯುತ್ತೇನೆ.

ನಿಮ್ಮ ಮನೆಗೆ ಹತ್ತಿರದ್ದು ಮ್ಯಾಡ್ ನದಿಯ ಮೇಲಿನ ಹಫ್‌ಮನ್ ಅಣೆಕಟ್ಟು. ಭಾನುವಾರ ಅಪ್ಪ, ಅಮ್ಮನನ್ನು ಕರೆದುಕೊಂಡು ಹೋಗಿ ನೋಡಿ. ಅದರ ಹಿನ್ನೀರು ನಿಲ್ಲಬಹುದಾದ ಜಾಗದಲ್ಲಿ ಆಸ್ಬಾರ್ನ್ ಎಂಬ ಊರಿತ್ತು. 1920ರ ದಶಕದಲ್ಲಿ ಅಲ್ಲಿಯ ಮನೆಗಳನ್ನು ಬುಡಸಮೇತ ಎತ್ತಿ, ಉರುಳೆಗಳ ಮೇಲೆ ಎಳೆದು, ಫೇರ್‌ಫೀಲ್ಡ್ ಎಂಬ ಊರಿನ ಪಕ್ಕ ತಂದು ಇಳಿಸಿದರು. ಮುಂದೆ 1950ರಲ್ಲಿ ಎರಡೂ ಊರು ಕೂಡಿ, ಎರಡು ಹೆಸರುಗಳನ್ನೂ ಬೆಸೆದು ಫೇರ್‌ಬಾರ್ನ್ ಆಯಿತು. ಮುಳುಗಡೆ ಎಂದರೆ ಏನೆಂದು ನಿಮ್ಮ ತಂದೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಿಮ್ಮ ಶೇ 2.5. ಒಹಾಯೊದಲ್ಲಿ ನಗರಗಳ ಮುಖ್ಯ ಆದಾಯ ಆಸ್ತಿ ತೆರಿಗೆಯಲ್ಲ, ದುಡಿಮೆಯ ಮೇಲಿನ ತೆರಿಗೆ. ಅದನ್ನು ಮೊದಲು ಪಡೆಯುವುದು ನೀವು ದುಡಿಯುವ ಊರು. ನೀವು ವಾಸಿಸುವ ಊರಿನಲ್ಲೂ ಇಂಥ ತೆರಿಗೆ ಇದ್ದರೆ, ಅಲ್ಲಿ ಕಟ್ಟಿದ್ದಕ್ಕೆ ಇಲ್ಲಿ ವಿನಾಯಿತಿ ಕೊಡುವ ಊರುಗಳು ಹಲವು. ಬೀವರ್‌ಕ್ರೀಕ್‌ನಲ್ಲಿ ಈ ತೆರಿಗೆಯೇ ಇಲ್ಲ. ಸುಮಾರು 46,000 ಜನರ ಊರಾದರೂ ಮತದಾರರು ಮತ್ತೆ ಮತ್ತೆ ಬೇಡವೆಂದಿದ್ದಾರೆ.

ಡೇಟನ್‌ಗೆ ಕಟ್ಟುವುದು ಅನ್ಯಾಯವೇ? ಅಲ್ಲ ಎಂದೇ ನನ್ನ ಮಾತು. 1960ರಲ್ಲಿ ಆ ನಗರದಲ್ಲಿ 2,62,000ಕ್ಕೂ ಹೆಚ್ಚು ಜನರಿದ್ದರು, 2020ರ ಗಣತಿಯಲ್ಲಿ ಸುಮಾರು 1,37,600. ಜನ ಹೋದರೂ ರಸ್ತೆ, ಸೇತುವೆ, ಕೊಳವೆಗಳ ಉದ್ದ ಕಡಿಮೆಯಾಗುವುದಿಲ್ಲ. ಹಗಲು ಅವನ್ನು ಬಳಸುವವರಲ್ಲಿ ನೀವೂ ಒಬ್ಬರು. ಆಸ್ಪತ್ರೆಯಲ್ಲಿ ನೀವು ಲೋಟ ತುಂಬಿಸಿಕೊಳ್ಳುವ ನೀರು ನೆಲದಡಿಯ ಮರಳು, ಜಲ್ಲಿಯ ಪದರದಿಂದ ಬರುವುದು. 1987ರ ಮೇ ತಿಂಗಳಲ್ಲಿ ಆ ಪದರದ ಮೇಲಿದ್ದ ಬಣ್ಣದ ದೊಡ್ಡ ಗೋದಾಮಿಗೆ ಬೆಂಕಿ ಬಿತ್ತು. ನೀರು ಹಾಯಿಸಿ ಆರಿಸಿದರೆ ಬಣ್ಣ, ರಾಸಾಯನಿಕವೆಲ್ಲ ಕರಗಿ ಊರಿನ ಬಾವಿಗಳಿಗೆ ಇಳಿಯುತ್ತದೆ ಎಂದು ಅರಿತ ನಗರದವರು ಗೋದಾಮನ್ನು ಉರಿಯಲು ಬಿಟ್ಟರು. ಬೆಂಕಿ ಆರಿಸುವುದೇ ಕಸುಬಾಗಿರುವವರು ಪೈಪು ಕೆಳಗಿಟ್ಟು ನಿಂತು ನೋಡುವುದು ಸಣ್ಣ ತೀರ್ಮಾನವಲ್ಲ. ಮರುವರ್ಷವೇ ಬಾವಿಗಳ ಸುತ್ತ ಅಪಾಯಕಾರಿ ವಸ್ತು ಇಡುವುದಕ್ಕೆ ಮಿತಿ ಹಾಕುವ ಕಾನೂನು ಬಂತು. ಆ ನೀರನ್ನು ಕಾಯುವ ಖರ್ಚಿನಲ್ಲಿ, ಅಲ್ಲಿ ಅನ್ನ ಸಂಪಾದಿಸುವವರು ಪಾಲು ಕೊಡುವುದು ಸರಿಯೇ.

ಒಂದು ನೋವು ಮಾತ್ರ ನಿಜ. ಈ ತೆರಿಗೆ ಶೇ 2.25ರಿಂದ 2.5ಕ್ಕೆ ಏರಿದ್ದು 2016ರಲ್ಲಿ, ಡೇಟನ್ ನಿವಾಸಿಗಳ ಮತದಿಂದ. ಅದರ ಒಂದು ಭಾಗ ನಾಲ್ಕು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣಕ್ಕೆ ಹೋಗುತ್ತದೆ, ಅದು ಒಳ್ಳೆಯ ಕೆಲಸ. ಆದರೆ ಹೊರಗಿನಿಂದ ಬಂದು ದುಡಿಯುವವರು ಆ ಮತದಾನದಲ್ಲಿ ಇರಲಿಲ್ಲ. ಕೊಡುವ ಕೈಗೆ ಮಾತಿಲ್ಲದಿರುವುದು ಈ ಪದ್ಧತಿಯ ದೊಡ್ಡ ದೋಷ ಎಂದೇ ನಾನು ತಿಳಿದಿದ್ದೇನೆ. ನಿಮಗೆ ಉಪಯೋಗವಾಗುವ ಇನ್ನೊಂದು ವಿಷಯ: ವಾರದಲ್ಲಿ ಒಂದೆರಡು ದಿನ ನೀವು ಬೀವರ್‌ಕ್ರೀಕ್ ಮನೆಯಿಂದಲೇ ಕೆಲಸ ಮಾಡುತ್ತಿದ್ದರೆ, ಆ ದಿನಗಳ ಮಟ್ಟಿಗೆ ಕಡಿತವಾದ ಹಣವನ್ನು ಡೇಟನ್‌ನಿಂದ ವಾಪಸು ಕೇಳಬಹುದು. ದಿನಗಳ ಪಟ್ಟಿ ಇಟ್ಟುಕೊಳ್ಳಿ, ಕಚೇರಿಯಿಂದ ದೃಢೀಕರಣ ಪತ್ರ ಪಡೆಯಿರಿ. ಕೇಳಲು ಮೂರು ವರ್ಷದ ಗಡುವಿದೆ.

ಮನೆಯ ತೆರಿಗೆಯಲ್ಲಿ ಬಹುಪಾಲು ಹೋಗುವುದು ಶಾಲೆಗೆ. ಅದನ್ನು ಇಲ್ಲಿ ‘ಮಿಲ್’ ಲೆಕ್ಕದಲ್ಲಿ ಹೇಳುತ್ತಾರೆ. ತೆರಿಗೆಗೆ ಹಿಡಿಯುವುದು ಮಾರುಕಟ್ಟೆ ಬೆಲೆಯ ಶೇ 35 ಮಾತ್ರ, ಆ ಮೊತ್ತದ ಪ್ರತಿ ಸಾವಿರ ಡಾಲರ್‌ಗೆ ಒಂದು ಡಾಲರ್ ಎಂದರೆ ಒಂದು ಮಿಲ್. ಮನೆಯ ಬೆಲೆ 3,00,000 ಡಾಲರ್ ಇದ್ದರೆ ಲೆಕ್ಕಕ್ಕೆ ಬರುವುದು 1,05,000, ಹೊಸದಾಗಿ ಒಂದು ಮಿಲ್ ಹಾಕಿದರೆ ವರ್ಷಕ್ಕೆ 105 ಡಾಲರ್. ಮನೆಗಳ ಬೆಲೆ ಏರಿದ ಮಾತ್ರಕ್ಕೆ ಹಳೆಯ ಲೆವಿಯ, ಅಂದರೆ ಮತದಾರರು ಹಿಂದೆ ಒಪ್ಪಿದ ತೆರಿಗೆಯ, ಆದಾಯ ಏರದಂತೆ 1976ರ ಕಾನೂನು ತಡೆಯುತ್ತದೆ. ಶಿಕ್ಷಕರ ಸಂಬಳ, ಬಸ್ಸಿನ ಡೀಸೆಲ್ ಏರುತ್ತಲೇ ಇರುತ್ತವೆ. ಅದಕ್ಕೇ ಶಾಲೆಯವರು ಕೆಲವು ವರ್ಷಕ್ಕೊಮ್ಮೆ ಮತದಾರರ ಮುಂದೆ ಬಂದು ಹೊಸ ಲೆವಿ ಕೇಳುತ್ತಾರೆ. ಆಸ್ತಿ ತೆರಿಗೆಯನ್ನು ಹೀಗೆ ಅತಿಯಾಗಿ ನೆಚ್ಚಿಕೊಂಡ ಪದ್ಧತಿ ಸಂವಿಧಾನಕ್ಕೆ ವಿರುದ್ಧ ಎಂದು ಒಹಾಯೊದ ಸುಪ್ರೀಂ ಕೋರ್ಟು 1997ರಲ್ಲೇ ಡಿರಾಲ್ಫ್ ಮೊಕದ್ದಮೆಯಲ್ಲಿ ಹೇಳಿತು. ಲೆವಿ ಕೇಳುವುದು ಇನ್ನೂ ನಿಂತಿಲ್ಲ.

ಈ ತೆರಿಗೆ ಚೀಟಿಯನ್ನು ಕಟ್ಟಿ ಮಡಚಿಡಬೇಡಿ. ಕೌಂಟಿ ಆಡಿಟರ್ ಜಾಲತಾಣದಲ್ಲಿ ನಿಮ್ಮ ವಿಳಾಸ ಹಾಕಿದರೆ, ನಿಮ್ಮ ಹಣದಲ್ಲಿ ಟೌನ್‌ಶಿಪ್‌ಗೆ ಎಷ್ಟು, ಶಾಲೆಗೆ ಎಷ್ಟು, ಗ್ರಂಥಾಲಯಕ್ಕೆ ಎಷ್ಟು, ನಗರಕ್ಕೆ ಎಷ್ಟು ಎಂದು ಬಿಡಿಬಿಡಿಯಾಗಿ ಸಿಗುತ್ತದೆ. ಅದನ್ನು ಮುದ್ರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿ. ನೀರಿನ ಬಿಲ್ಲನ್ನೂ ಪಕ್ಕದಲ್ಲಿಡಿ. ಹಣ ಯಾರು ತೆಗೆದುಕೊಳ್ಳುತ್ತಾರೋ ಅವರನ್ನೇ ಕೇಳಿ. ಮನೆಗೆ ಕಟ್ಟಿದ ಬೆಲೆ ಜಾಸ್ತಿಯಾಗಿದೆ ಎನಿಸಿದರೆ ಮಾರ್ಚ್ 31ರೊಳಗೆ ಕೌಂಟಿಯ ಮರುಪರಿಶೀಲನಾ ಮಂಡಳಿಗೆ ತಕರಾರು ಸಲ್ಲಿಸಬಹುದು. ಅದಕ್ಕೆ ಮನೆಯ ಒಡೆತನ ಸಾಕು, ಪೌರತ್ವ ಬೇಕಿಲ್ಲ.

ಬಸ್ಸಿನ ವಿಷಯಕ್ಕೆ ಬರುತ್ತೇನೆ, ನನ್ನ ಮನಸ್ಸಿಗೆ ಹತ್ತಿರವಾದದ್ದು ಅದೇ. ಡೇಟನ್‌ನಲ್ಲಿ 1933ರಿಂದ ತಲೆಯ ಮೇಲಿನ ತಂತಿ ಹಿಡಿದು ಓಡುವ ವಿದ್ಯುತ್ ಬಸ್ಸುಗಳಿವೆ. ಅಮೆರಿಕದಲ್ಲಿ ಅಂಥವು ಉಳಿದಿರುವ ನಗರಗಳು ಬೆರಳೆಣಿಕೆಯಷ್ಟು. ಅಲ್ಲಿಯ ಸಾರಿಗೆ ಪ್ರಾಧಿಕಾರಕ್ಕೆ ಮಾಂಟ್‌ಗೊಮೆರಿ ಕೌಂಟಿಯ ಮಾರಾಟ ತೆರಿಗೆಯಲ್ಲಿ ಅರ್ಧ ಶೇಕಡಾ ಪಾಲಿದೆ. ಆ ಬಸ್ಸುಗಳು ಗಡಿಯಾಚೆ ನಿಮ್ಮ ಕಡೆಯ ರೈಟ್ ಸ್ಟೇಟ್ ವಿಶ್ವವಿದ್ಯಾಲಯದವರೆಗೂ ಬರುತ್ತಿದ್ದವು. ಅಲ್ಲಿಂದ ನಿಮ್ಮ ದೊಡ್ಡ ಮಾಲ್, ಅಂಗಡಿಗಳು, ವೈದ್ಯಕೀಯ ಕೇಂದ್ರಗಳಿಗೆ ಹೋಗಬೇಕಾದವರು, ಅಲ್ಲಿ ಕೆಲಸ ಮಾಡುವವರು, ವೇಗವಾಗಿ ವಾಹನ ಓಡುವ ಐ-675 ಹೆದ್ದಾರಿಯ ಮೇಲಿನ ಸೇತುವೆ ದಾಟಿ ನಡೆಯಬೇಕಿತ್ತು. ಹಿಮ ಬಿದ್ದ ದಿನವೂ, ಮಗುವನ್ನು ಎತ್ತಿಕೊಂಡೂ.

ಪ್ರಾಧಿಕಾರ ಕೇಳಿದ್ದು ಆ ಕಡೆಯ ಪೆಂಟಗನ್ ಬುಲೆವಾರ್ಡ್ ಎಂಬ ರಸ್ತೆಯಲ್ಲಿ ಮೂರು ನಿಲುಗಡೆ. ನಿಲ್ದಾಣಕ್ಕೆ ಬಿಸಿಗಾಳಿ, ತಂಪುಗಾಳಿ, ಕ್ಯಾಮೆರಾ ಇರಬೇಕೆಂಬಂಥ ಷರತ್ತುಗಳು ಸಭೆಯಲ್ಲಿ ಎದ್ದವು, 2011ರಲ್ಲಿ ಬೀವರ್‌ಕ್ರೀಕ್ ಸಭೆ ಅರ್ಜಿ ತಿರಸ್ಕರಿಸಿತು. ಬಸ್ಸಿನಲ್ಲಿ ಬರುವವರಲ್ಲಿ ಹೆಚ್ಚಿನವರು ಆಫ್ರಿಕನ್ ಅಮೆರಿಕನ್ನರು. ಡೇಟನ್‌ನ ಚರ್ಚುಗಳ ಸುತ್ತ ಬೆಳೆದ ಲೀಡ್ ಎಂಬ ನಾಗರಿಕ ಸಂಘಟನೆ 1964ರ ನಾಗರಿಕ ಹಕ್ಕುಗಳ ಕಾಯಿದೆಯ ಅಡಿ ಫೆಡರಲ್ ಹೆದ್ದಾರಿ ಆಡಳಿತಕ್ಕೆ ದೂರು ಕೊಟ್ಟಿತು. ನಗರ ಫೆಡರಲ್ ರಸ್ತೆ ಅನುದಾನ ಪಡೆಯುತ್ತಿದ್ದುದರಿಂದ ದೂರಿಗೆ ಹಲ್ಲು ಬಂತು. 2013ರಲ್ಲಿ ಹೆದ್ದಾರಿ ಆಡಳಿತ ನಗರದ ತೀರ್ಮಾನ ತಾರತಮ್ಯದ್ದು ಎಂದಿತು, ಅನುದಾನ ಕೈತಪ್ಪುವ ಭಯದಲ್ಲಿ ಸಭೆ ಒಪ್ಪಿತು, 2014ರ ಜನವರಿಯಲ್ಲಿ ಬಸ್ಸು ಅಲ್ಲಿ ನಿಂತಿತು. ಮೂರು ನಿಲುಗಡೆಗೆ ಮೂರು ವರ್ಷದ ಹೋರಾಟ! ಗೆದ್ದವರಲ್ಲಿ ಬಹಳಷ್ಟು ಜನರಿಗೆ ಬೀವರ್‌ಕ್ರೀಕ್‌ನಲ್ಲಿ ಮತವೇ ಇರಲಿಲ್ಲ ಎಂಬುದನ್ನು ನೀವು ಗಮನಿಸಬೇಕು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಮತ ಹಾಕಲು ಪೌರತ್ವ ಬೇಕು. ನಿಮ್ಮದೇ ಕೌಂಟಿಯ ಯೆಲ್ಲೊ ಸ್ಪ್ರಿಂಗ್ಸ್ ಎಂಬ ಸಣ್ಣ ಊರು ಪೌರರಲ್ಲದ ನಿವಾಸಿಗಳಿಗೂ ಊರಿನ ಚುನಾವಣೆಯಲ್ಲಿ ಮತ ಕೊಡಬೇಕೆಂದು 2019ರಲ್ಲಿ ಒಪ್ಪಿತ್ತು. 2022ರಲ್ಲಿ ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು ಆ ದಾರಿ ಮುಚ್ಚಿದರು. ನನಗೆ ಅದು ಇಂದಿಗೂ ಬೇಸರದ ಸಂಗತಿ. ಮಿಕ್ಕ ದಾರಿಗಳು ತೆರೆದೇ ಇವೆ. ಒಹಾಯೊದ ಸಾರ್ವಜನಿಕ ದಾಖಲೆಗಳ ಕಾನೂನಿನಲ್ಲಿ ಯಾರು ಬೇಕಾದರೂ ದಾಖಲೆ ಕೇಳಬಹುದು. ಹೆಸರು ಹೇಳಬೇಕಾಗಿಲ್ಲ, ಕಾರಣ ಹೇಳಬೇಕಾಗಿಲ್ಲ. ನಮ್ಮ ಮಾಹಿತಿ ಹಕ್ಕು ಕಾಯಿದೆ ನಾಗರಿಕರಿಗೆ ಮಾತ್ರ ಅನ್ವಯ, ಇಲ್ಲಿ ಆ ಗೋಡೆಯಿಲ್ಲ. ನಗರ, ಟೌನ್‌ಶಿಪ್, ಶಾಲಾ ಮಂಡಳಿಗಳು ತೀರ್ಮಾನಗಳನ್ನು ಎಲ್ಲರೂ ಬಂದು ಕೂರಬಹುದಾದ ಸಭೆಯಲ್ಲೇ ತೆಗೆದುಕೊಳ್ಳಬೇಕು. ಸಾರ್ವಜನಿಕರು ಮಾತನಾಡಲು ಸಾಮಾನ್ಯವಾಗಿ ಮೂರು ನಿಮಿಷದ ಸಮಯ ಕೊಡುತ್ತಾರೆ. ಅಲ್ಲಿ ನಿಮ್ಮ ವೀಸಾ ಯಾವುದು ಎಂದು ಕೇಳುವವರನ್ನು ನಾನು ನೋಡಿಲ್ಲ. ವಿಳಾಸ ಕೇಳುತ್ತಾರೆ.

ಒಡೆದ ಕೊಳವೆಗೆ ಇಂದೇ ಕೌಂಟಿಯ ನೀರಿನ ವಿಭಾಗಕ್ಕೆ ಫೋನ್ ಮಾಡಿ. ಯಾವ ಮನೆಯ ಮುಂದೆ, ಹರಿಯುವ ನೀರು ತಿಳಿಯೇ, ಕೆಸರೇ ಎಂದು ಹೇಳಿ, ಎಷ್ಟು ಅವಸರ ಎಂಬುದನ್ನು ಅದರಿಂದಲೇ ಅಳೆಯುತ್ತಾರೆ. ಅಗೆಯುವ ಮೊದಲು ಹುಲ್ಲಿನ ಮೇಲೆ ಬಣ್ಣ ಬಳಿದು ಹೋಗುತ್ತಾರೆ. ನೀಲಿ ನೀರಿನದು, ಹಸಿರು ಒಳಚರಂಡಿಯದು, ಹಳದಿ ಗ್ಯಾಸಿನದು, ಕೆಂಪು ವಿದ್ಯುತ್ತಿನದು. ಆ ಗೆರೆಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಮುಂದೆ ಗಿಡ ನೆಡುವಾಗ ಬೇಕಾಗುತ್ತದೆ.

ತಂದೆ ತಾಯಿಯವರಿಗೆ ಸದ್ಯಕ್ಕೆ ಗ್ರೀನ್ ಕೌಂಟಿಯ ಸಾರಿಗೆಯಿದೆ. ಮುಂಚಿತವಾಗಿ ಫೋನ್ ಮಾಡಿ ಕಾಯ್ದಿರಿಸಿದರೆ ಗಾಡಿ ಮನೆಯ ಬಳಿಗೇ ಬರುತ್ತದೆ. ಅದು ಸಾಲದಿದ್ದರೆ, ನಿಮ್ಮ ಬೀದಿಯಲ್ಲಿ ಕಾರು ಓಡಿಸುವುದನ್ನು ನಿಲ್ಲಿಸಿರುವ ಹಿರಿಯರು, ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುವವರು ಇನ್ನೂ ಎಷ್ಟು ಮಂದಿ ಎಂದು ನಾಲ್ಕು ಮನೆ ಕೇಳಿ ಬರೆದುಕೊಳ್ಳಿ, ಸಭೆಯ ದಿನ ನೋಡಿಕೊಂಡು ಹೋಗಿ. ತಂದೆಯವರನ್ನೂ ಕರೆದುಕೊಂಡು ಹೋಗಿ. ಗ್ರಂಥಾಲಯಕ್ಕೆ ಹೋಗಿಬರಲು ಏನೇನು ಪಾಡು ಪಡುತ್ತಾರೆಂದು ಅವರೇ ಕನ್ನಡದಲ್ಲಿ ಹೇಳಲಿ, ನೀವು ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ತಿಳಿಸಿ. ಅನುವಾದಕ್ಕೆ ಇನ್ನೂ ಮೂರು ನಿಮಿಷ ಬೇಕೆಂದು ಸಭೆಯ ಗುಮಾಸ್ತರಿಗೆ ಮೊದಲೇ ಬರೆದು ಕೇಳಿಕೊಳ್ಳಿ.